ಬ್ಲಫ್ ಆಡುವಾಗ ಆಣೆ ಇಡಬೇಡಿ

ರಾತ್ರಿಯಿಂದ ಸಿಟ್ಟು ಇಳಿದಿಲ್ಲ. ಬರೆದಾದರೂ ಇಳಿಸಿಕೊಳ್ಳೋಣ ಅಂತ ಕೂತಿದ್ದೇನೆ. ಉದ್ದವಾಗುತ್ತದೆ, ಪುರುಸೊತ್ತಿದ್ದವರು ಓದಿ.

ನಿನ್ನೆ ನಾಲ್ಕು ಜನ ಇಸ್ಪೀಟು ಹಿಡಿದು ಕೂತಿದ್ದೆವು. ಎಲೆ ಕವುಚಿ ಹಾಕಿ ಇಂಥದ್ದು ಅಂತ ನಿಜವೋ ಸುಳ್ಳೋ ಹೇಳುವ, ಅನುಮಾನ ಬಂದವರು ಹಿಡಿಯುವ ಆಟ, ಬ್ಲಫ್. ನನ್ನನ್ನು ಬಲ್ಲವರಿಗೆ ಗೊತ್ತು, ಎಲೆ ಕಲಸುವ ಸದ್ದು ಕೇಳಿದರೆ ನಾನು ಎಲ್ಲಿದ್ದರೂ ಎದ್ದು ಬರುವವನು. ಆಟಕ್ಕೆ ಒಳ್ಳೆ ಕಾವು ಬಂದಿತ್ತು, ನಡುವೆ ದೊಡ್ಡ ಗುಡ್ಡೆಯೇ ಬಿದ್ದಿತ್ತು. ಎದುರು ಕೂತ ಗೆಳೆಯ ಎರಡು ಎಲೆ ಕವುಚಿ ಹಾಕಿ "ಎರಡು ರಾಣಿ" ಅಂದ. ನನ್ನ ಕೈಯಲ್ಲೇ ಮೂರು ರಾಣಿ ಇದ್ದವು. ಕಟ್ಟಿನಲ್ಲಿರುವುದೇ ನಾಲ್ಕು. ಯೋಚಿಸುವುದಕ್ಕೇನಿದೆ? "ಬ್ಲಫ್" ಅಂದೆ.

ಅವನು ಎಲೆ ತಿರುಗಿಸಲಿಲ್ಲ. ಗುಡ್ಡೆಯ ಮೇಲೆ ಅಂಗೈ ಒತ್ತಿ ಹಿಡಿದು, "ದೇವರಾಣೆ ಕಣೋ, ಎರಡೂ ರಾಣಿನೇ. ಇಷ್ಟು ವರ್ಷದ ಸ್ನೇಹ, ನನ್ ಮೇಲೆ ಇಷ್ಟೂ ನಂಬಿಕೆ ಇಲ್ವಾ ನಿಂಗೆ?" ಅಂದ. ಉಳಿದಿಬ್ಬರು "ಹೋಗ್ಲಿ ಬಿಡೋ, ಅಷ್ಟು ಹೇಳ್ತಿದಾನೆ ಪಾಪ" ಅಂತ ಅವನ ಪರ ವಹಿಸಿದರು. ನಾನು ಬಿಡಲಿಲ್ಲ. ತಿರುಗಿಸಿದರೆ ಒಂದು ಏಳು, ಒಂದು ಆಟೀನಿನ ಗುಲಾಮ. ಗುಡ್ಡೆ ಎತ್ತಿಕೊಂಡ. ಆಮೇಲೆ ಮುಗಿಯುವವರೆಗೂ ಮುಖ ಊದಿಸಿಕೊಂಡು, ಎಲೆ ಹಾಕುವ ಬದಲು ಎಸೆದ. ಏಳುವಾಗ "ನೀನು ಹಿಂಗೇ, ಯಾರನ್ನೂ ನಂಬಲ್ಲ" ಅಂತ ಒಂದು ಮಾತು ಬೇರೆ.

ಸುಳ್ಳು ಹೇಳಿದವನು ಅವನು. ಆಣೆ ಇಟ್ಟವನು ಅವನು. ಮಾತು ಕೇಳಿಸಿಕೊಂಡವನು ನಾನು!

ಅವನು ಸುಳ್ಳು ಹೇಳಿದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಸುಳ್ಳು ಹೇಳುವುದಕ್ಕೇ ಅಲ್ಲವೇ ಅಲ್ಲಿ ಕೂತಿದ್ದು. ನನ್ನ ತಕರಾರು ಆಣೆಯದ್ದು, ಮುನಿಸಿನದ್ದು. ಹೊರಗಿನ ನಂಬಿಕೆಯನ್ನು ಎಲೆಯ ಜೊತೆ ಸೇರಿಸಿ ಕವುಚಿ ಹಾಕುತ್ತಾರಲ್ಲ, ಅದು.

ಆಟ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಕಟ್ಟಿನ 52 ಎಲೆಯನ್ನೂ ಹಂಚಿಬಿಡಬೇಕು. ಮೊದಲನೆಯವನು ಎಕ್ಕ ಹಾಕಬೇಕು, ಮುಂದಿನವನು ಎರಡು, ಅವನ ಮುಂದಿನವನು ಮೂರು, ಹೀಗೇ ರಾಜನವರೆಗೆ ಹೋಗಿ ಮತ್ತೆ ಎಕ್ಕ. ಒಂದರಿಂದ ನಾಲ್ಕು ಎಲೆಯವರೆಗೆ ಕವುಚಿ ಹಾಕಿ, ಏನು ಹಾಕಿದೆ, ಎಷ್ಟು ಹಾಕಿದೆ ಅಂತ ಬಾಯಲ್ಲಿ ಹೇಳಬೇಕು. ಅನುಮಾನ ಬಂದವರು "ಬ್ಲಫ್" ಅನ್ನಬಹುದು. ಸುಳ್ಳಾಗಿದ್ದರೆ ಹಾಕಿದವನು ಇಡೀ ಗುಡ್ಡೆ ಎತ್ತಬೇಕು, ನಿಜವಾಗಿದ್ದರೆ ಬ್ಲಫ್ ಅಂದವನು ಎತ್ತಬೇಕು. ಕೈ ಮೊದಲು ಖಾಲಿ ಮಾಡಿದವನು ಗೆದ್ದ. ಕೆಲವರು ಒಂದೇ ನಂಬರಿನ ಮೇಲೆ ಎಲ್ಲರೂ ಪಾಸ್ ಅನ್ನುವವರೆಗೆ ಆಡುತ್ತಾರೆ, ಅದೂ ಚೆಂದವೇ. ನಾವು ಆಡುವುದರಲ್ಲಿ ಪಾಸ್ ಇಲ್ಲ. ಸರದಿ ಬಂದರೆ ಹಾಕಲೇಬೇಕು.

ಹಾಕಲೇಬೇಕು ಅನ್ನುವುದನ್ನು ಸ್ವಲ್ಪ ಗಮನಿಸಿ. ನಾಲ್ಕು ಜನಕ್ಕೆ ಹಂಚಿದರೆ ತಲಾ 13 ಎಲೆ. ಆ 13ರಲ್ಲಿ ಒಂದೇ ಒಂದು ರಾಣಿಯೂ ಇಲ್ಲದಿರುವ ಸಾಧ್ಯತೆ ಲೆಕ್ಕ ಹಾಕಿದರೆ ಶೇ. 30ರಷ್ಟು. ಅಂದರೆ ಆಟದ ಶುರುವಿನಲ್ಲೇ, ಎಂಥ ಸತ್ಯವಂತ ಬಂದು ಕೂತರೂ, ಹತ್ತರಲ್ಲಿ ಮೂರು ಸಲ ಸುಳ್ಳು ಹೇಳದೆ ಗತಿಯಿಲ್ಲ. ಎಲೆ ಖಾಲಿಯಾಗುತ್ತ ಹೋದ ಹಾಗೆ ಅದು ಇನ್ನೂ ಹೆಚ್ಚುತ್ತದೆ. ಸುಳ್ಳು ಹೇಳಿಸುವುದು ನಿಯಮ, ಮನುಷ್ಯನ ಗುಣವಲ್ಲ. ಹಾಗಿದ್ದಮೇಲೆ ಸಿಕ್ಕಿಬಿದ್ದಾಗ ಅವಮಾನವಾಗುವುದು ಎಲ್ಲಿಂದ ಬಂತು? ಹಿಡಿದವನ ಮೇಲೆ ಹಗೆ ಯಾಕೆ? ಚೆಸ್‌ನಲ್ಲಿ ಕುದುರೆ ಹೊಡೆದರೆ "ನನ್ನ ಕಂಡರೆ ಆಗಲ್ವಾ ನಿಂಗೆ" ಅಂತ ಯಾರಾದರೂ ಕೇಳುತ್ತಾರಾ?

"ನೀನು ಯಾರನ್ನೂ ನಂಬಲ್ಲ" ಅಂದನಲ್ಲ, ಅದು ನನ್ನನ್ನು ನಿದ್ದೆಗೆಡಿಸಿದೆ. ನಾನು ಅವನ ಮುಖ ನೋಡಿ ಬ್ಲಫ್ ಅಂದಿದ್ದೇ ಅಲ್ಲ, ನನ್ನ ಕೈಯಲ್ಲಿದ್ದ ಮೂರು ರಾಣಿ ನೋಡಿ ಅಂದಿದ್ದು. ಮುಖ ನೋಡಿ ಸುಳ್ಳು ಹಿಡಿಯುತ್ತೇನೆ ಅನ್ನುವವರ ಮಾತನ್ನು ನಾನು ಯಾವತ್ತೂ ಒಪ್ಪಿಲ್ಲ. ಈ ವಿಷಯದಲ್ಲಿ ನಡೆದ ನೂರಾರು ಪ್ರಯೋಗಗಳನ್ನು ಒಟ್ಟು ಹಾಕಿ ಬಾಂಡ್ ಮತ್ತು ಡಿಪಾಲೊ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು 2006ರಲ್ಲಿ ಲೆಕ್ಕ ಕೊಟ್ಟರು. ಸತ್ಯ ಯಾವುದು ಸುಳ್ಳು ಯಾವುದು ಅಂತ ಜನ ಸರಿಯಾಗಿ ಹೇಳುವುದು ಸರಾಸರಿ ಶೇ. 54ರಷ್ಟು ಸಲ. ನಾಣ್ಯ ಚಿಮ್ಮಿ ಹೇಳಿದರೂ 50 ಸಿಗುತ್ತದೆ. ಆದ್ದರಿಂದ ನಿಮ್ಮನ್ನು ಯಾರಾದರೂ ಹಿಡಿದರೆ, ಅವರು ನಿಮ್ಮ ಅಂತರಂಗ ಬಗೆದು ನೋಡಿ ಅಯೋಗ್ಯ ಅಂತ ತೀರ್ಪು ಕೊಟ್ಟರು ಅಂದುಕೊಳ್ಳಬೇಡಿ. ಎಲೆ ಎಣಿಸಿದ್ದಾರೆ, ಅಷ್ಟೇ.

ಎಣಿಸುವುದೇ ಈ ಆಟದ ರುಚಿ. ನಾಲ್ಕು ಜನ ಇದ್ದಾಗ ನೀವು ಎಕ್ಕದಿಂದ ಶುರು ಮಾಡಿದರೆ ನಿಮ್ಮ ಸರದಿಗೆ ಬರುವುದು ಎಕ್ಕ, ಐದು, ಒಂಬತ್ತು, ರಾಜ, ನಾಲ್ಕು, ಎಂಟು, ರಾಣಿ, ಮೂರು, ಏಳು, ಗುಲಾಮ, ಎರಡು, ಆರು, ಹತ್ತು. ಇದು ಮೊದಲೇ ಗೊತ್ತಿರುವ ಸಂಗತಿ! ನಡುವೆ ಯಾರು ಗುಡ್ಡೆ ಎತ್ತಿದರೂ ಸರದಿ ಮುಂದುವರಿಯುತ್ತಲೇ ಇರುತ್ತದೆ. ಹಾಗಾಗಿ ಎಲೆ ಕೈಗೆ ಬಂದ ಕೂಡಲೇ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಕೊಳ್ಳಬೇಡಿ, ನಿಮ್ಮ ಸರದಿ ಬರುವ ಕ್ರಮಕ್ಕೆ ಜೋಡಿಸಿಕೊಳ್ಳಿ. ಎಲ್ಲಿ ಸತ್ಯ ಹೇಳಬಹುದು, ಎಲ್ಲಿ ಹೇಳಲಾಗುವುದಿಲ್ಲ ಅನ್ನುವುದು ಕಣ್ಣಿಗೆ ಕಾಣುತ್ತದೆ. ಸುಳ್ಳು ಹೇಳಲೇಬೇಕಾದ ಸರದಿಗೆ, ಕೊನೆಯಲ್ಲಿ ಬರುವ ನಂಬರಿನ ಎಲೆಯನ್ನು ಸಾಗಿಸಿಬಿಡಿ. ಅದರ ಸರದಿ ಬರುವಷ್ಟರಲ್ಲಿ ಆಟವೇ ಮುಗಿದಿರುತ್ತದೆ.

ಗುಡ್ಡೆ ಚಿಕ್ಕದಿರುವಾಗ ಧಾರಾಳವಾಗಿ ಅನುಮಾನಪಡಿ, ಸೋತರೂ ನಾಲ್ಕೈದು ಎಲೆ ತಾನೆ. ದೊಡ್ಡದಾದಮೇಲೆ ಕೈಯಲ್ಲಿ ಸಾಕ್ಷಿ ಇದ್ದರೆ ಮಾತ್ರ ಬಾಯಿ ಬಿಡಿ. ಗುಡ್ಡೆ ಎತ್ತಬೇಕಾಗಿ ಬಂತು ಅಂದುಕೊಳ್ಳಿ, ಅಳುವಂಥದ್ದೇನಿಲ್ಲ. ಎಲ್ಲಿ ಯಾರು ಏನು ಬಚ್ಚಿಟ್ಟಿದ್ದರು ಅನ್ನುವುದೆಲ್ಲ ಈಗ ನಿಮ್ಮೊಬ್ಬರಿಗೇ ಗೊತ್ತು. ನಾಲ್ಕೂ ಎಂಟು ನಿಮ್ಮ ಕೈಯಲ್ಲಿದ್ದರೆ ಇನ್ನು ಯಾರು "ಎಂಟು" ಅಂದರೂ ಕಣ್ಣು ಮುಚ್ಚಿಕೊಂಡು ಹಿಡಿಯಬಹುದು. ನಿನ್ನೆ ಗುಡ್ಡೆ ಎತ್ತಿದಮೇಲೆ ಮನಸ್ಸಿಟ್ಟು ಆಡಿದ್ದರೆ ಅವನು ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ಬೇಟೆಯಾಡಬಹುದಿತ್ತು. ಅಷ್ಟು ಒಳ್ಳೆ ಕೈ ಅದು. ಮುನಿಸಿಗೆ ಬಲಿ ಕೊಟ್ಟ. ನನಗೆ ಹೊಟ್ಟೆ ಉರಿದದ್ದು ಅದಕ್ಕೂ ಹೌದು.

ಇನ್ನು ಎಲೆ ಹಾಕುವ ರೀತಿ. ನಿಜ ಹೇಳುವಾಗಲೂ ಸುಳ್ಳು ಹೇಳುವಾಗಲೂ ಕೈ ಒಂದೇ ವೇಗದಲ್ಲಿ ಹೋಗಬೇಕು. ನಮ್ಮ ಗುಂಪಿನಲ್ಲಿ ಒಬ್ಬಳಿದ್ದಾಳೆ, ಹೆಸರು ಹಾಕಿದರೆ ಬೈಯುತ್ತಾಳೆ. ಅವಳು ಪ್ರತಿ ಸಲವೂ ಕೈಯಲ್ಲಿನ ಎಲೆಗಳನ್ನು ಒಮ್ಮೆ ಮಡಚಿ, ಮತ್ತೆ ಬಿಡಿಸಿ, ಎಡ ತುದಿಯಿಂದ ಒಂದು ಎಳೆದು, ಮೂಲೆ ಮೂಲೆಗೆ ಸರಿಯಾಗಿ ಗುಡ್ಡೆಯ ಮೇಲಿಟ್ಟು, ಆಮೇಲೆ ಬಾಯಿ ಬಿಡುತ್ತಾಳೆ. ರಾಜನನ್ನೇ ಹಾಕಲಿ, ಮೂರನ್ನು ಹಾಕಿ ರಾಜ ಅನ್ನಲಿ, ಅದೇ ಮಡಚುವುದು, ಅದೇ ಬಿಡಿಸುವುದು. ಅವಳನ್ನು ಹಿಡಿಯಲು ಹೋಗಿ ಗುಡ್ಡೆ ಹೊತ್ತಾಗಲೆಲ್ಲ ನನಗೆ ಸಂತೋಷವೇ ಆಗಿದೆ. ಒಂದು ಆಣೆಯಿಲ್ಲ, ಒಂದು ಗೋಗರೆತವಿಲ್ಲ. ಹಿಡಿದರೆ ನಕ್ಕು ಎತ್ತಿಕೊಳ್ಳುತ್ತಾಳೆ. ಆಡುವುದೆಂದರೆ ಅದು.

ಈಗ ನಮ್ಮ ಆಣೆಯವರ ಪರ ವಕಾಲತ್ತು ಹಾಕುವವರ ಮಾತಿಗೆ ಬರೋಣ. ನಿನ್ನೆ ಉಳಿದಿಬ್ಬರಲ್ಲಿ ಒಬ್ಬ ದಾರಿಯಲ್ಲಿ ಹೇಳಿದ, "ಅದೂ ಒಂದು ಬ್ಲಫ್ಫೇ ಅಲ್ವೇನೋ? ನಂಬಿಸೋದೇ ಆಟ ಅಂದ್ಮೇಲೆ ಆಣೆ ಇಟ್ಟಾದ್ರೂ ನಂಬಿಸ್ಲಿ, ಏನೀಗ?" ಕೇಳುವುದಕ್ಕೆ ಸರಿ ಅನಿಸುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಸ್ವಲ್ಪ ಒಳಗಿಳಿದು ನೋಡಿ. ಆಣೆ ಕೆಲಸ ಮಾಡುವುದು ಯಾಕೆ? ಮೇಜು ಬಿಟ್ಟು ಎದ್ದಮೇಲೆ ನಾವು ಆಣೆಯ ಮಾತಿಗೆ ಬೆಲೆ ಕೊಡುತ್ತೇವೆ, ಅದಕ್ಕೆ. ಆ ಬೆಲೆಯನ್ನು ಇಲ್ಲಿ ಎರಡು ಎಲೆ ದಾಟಿಸುವುದಕ್ಕೆ ಖರ್ಚು ಮಾಡಿದರೆ, ನಾಳೆ ಅವನು ನಿಜವಾದ ಕಷ್ಟದಲ್ಲಿ ನಿಂತು "ದೇವರಾಣೆ" ಅಂದಾಗ ನನ್ನ ತಲೆಯಲ್ಲಿ ಆಟೀನಿನ ಗುಲಾಮ ಬಂದು ನಿಲ್ಲುವುದಿಲ್ಲವೇ? ನಿಲ್ಲುತ್ತಾನೆ. ನಾನು ಬೇಡವೆಂದರೂ ನಿಲ್ಲುತ್ತಾನೆ. ಆ ಗುಲಾಮನನ್ನು ಅಲ್ಲಿಗೆ ಕರೆತಂದವನು ನಾನಲ್ಲ.

"ಬರೀ ಆಟ, ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ" ಅನ್ನುವವರಿಗೂ ಇದೇ ಉತ್ತರ. ಬರೀ ಆಟಕ್ಕೆ ದೇವರನ್ನು ಯಾಕೆ ಎಳೆದಿರಿ?

ಬ್ಲಫ್ ಹೊಡೆಯುವುದಕ್ಕೆ ಕಣ್ಣೀರು, ಆಣೆ, ಸ್ನೇಹದ ಹಂಗು ಯಾವುದೂ ಬೇಡ. ಗಣಿತಜ್ಞ ಜಾನ್ ವಾನ್ ನ್ಯೂಮನ್ ಆಟಗಳ ಸಿದ್ಧಾಂತದ (ಎದುರಿನವರ ನಡೆ ನೋಡಿ ನಮ್ಮ ನಡೆ ಲೆಕ್ಕ ಹಾಕುವ ಗಣಿತದ) ಬುನಾದಿ ಹಾಕಿದ್ದು 1928ರ ಒಂದು ಪ್ರಬಂಧದಲ್ಲಿ. ಮುಂದೆ 1944ರಲ್ಲಿ ಅರ್ಥಶಾಸ್ತ್ರಜ್ಞ ಮಾರ್ಗನ್‌ಸ್ಟರ್ನ್ ಜೊತೆ ಸೇರಿ ಪುಸ್ತಕ ಬರೆದಾಗ ಪೋಕರ್ ಅನ್ನುವ ಇಸ್ಪೀಟಾಟದ ಬ್ಲಫ್ಫನ್ನೇ ಹಿಡಿದು ಬಿಡಿಸಿ ತೋರಿಸಿದ. ಬ್ಲಫ್ ಯಾಕೆ ಮಾಡುತ್ತಾರೆ ಅನ್ನುವುದಕ್ಕೆ ಅವನು ಕೊಟ್ಟ ಕಾರಣ ಎರಡು. ಕೈಯಲ್ಲಿ ಏನೂ ಇಲ್ಲದಾಗ ಇದೆ ಅನ್ನಿಸುವುದು ಒಂದು, ಅದು ಎಲ್ಲರಿಗೂ ಹೊಳೆಯುತ್ತದೆ. ಇನ್ನೊಂದು, ನಿಜವಾಗಿ ಇದ್ದಾಗ ಇಲ್ಲವೇನೋ ಅಂತ ಎದುರಿನವರಿಗೆ ಅನುಮಾನ ಬರಿಸುವುದು. ಎಂದೂ ಸುಳ್ಳು ಹೇಳದವನ ಸತ್ಯವನ್ನು ಯಾರೂ ಕೆಣಕುವುದಿಲ್ಲ. ನಮ್ಮ ಆಟಕ್ಕೆ ಇದನ್ನು ತಂದರೆ, ಆಗಾಗ ಸಿಕ್ಕಿಬೀಳುವುದೂ ಲಾಭವೇ. ಚಿಕ್ಕ ಗುಡ್ಡೆಯಲ್ಲಿ ಎರಡು ಸಲ ಸಿಕ್ಕಿಬಿದ್ದವನು ದೊಡ್ಡ ಗುಡ್ಡೆಯ ಮೇಲೆ ಮೂರು ನಿಜವಾದ ರಾಜರನ್ನು ಇಟ್ಟರೆ ಯಾರಾದರೊಬ್ಬರು "ಬ್ಲಫ್" ಅಂದೇ ಅನ್ನುತ್ತಾರೆ, ಗುಡ್ಡೆ ಅವರ ಕೊರಳಿಗೆ. ಸಿಕ್ಕಿಬಿದ್ದದ್ದಕ್ಕೆ ಮುಖ ಊದಿಸುವವನಿಗೆ ಈ ಲಾಭ ಎಂದೂ ದಕ್ಕುವುದಿಲ್ಲ.

2017ರಲ್ಲಿ ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದವರು ಮಾಡಿದ ಲಿಬ್ರಾಟಸ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ನಾಲ್ಕು ಜನ ವೃತ್ತಿಪರ ಪೋಕರ್ ಆಟಗಾರರನ್ನು 1,20,000 ಕೈಗಳ ಪಂದ್ಯದಲ್ಲಿ ಸೋಲಿಸಿತು. ಬ್ಲಫ್ ಮಾಡಿಯೇ ಸೋಲಿಸಿತು. ಅದಕ್ಕೆ ಯಾರೂ ಸುಳ್ಳು ಹೇಳುವುದನ್ನು ಕಲಿಸಿರಲಿಲ್ಲ, ತನ್ನೊಡನೆ ತಾನೇ ಆಡಿ ಆಡಿ ಕಂಡುಕೊಂಡಿತ್ತು. ಅದಕ್ಕೆ ಊದಿಸಿಕೊಳ್ಳಲು ಮುಖವಿರಲಿಲ್ಲ, ಆಣೆ ಇಡಲು ದೇವರಿರಲಿಲ್ಲ, ಹಂಗಿಗೆ ಎಳೆಯಲು ಗೆಳೆಯರಿರಲಿಲ್ಲ. ಯಾವಾಗ, ಎಷ್ಟು ಸಲ ಅನ್ನುವ ಲೆಕ್ಕ ಮಾತ್ರ ಇತ್ತು.

ನನಗೆ ಇದು ಇಷ್ಟೊಂದು ಯಾಕೆ ನೋಯುತ್ತದೆ ಅಂತ ಕೇಳಿದರೆ ಹೇಳುತ್ತೇನೆ. ನಾನು ಯಾರ ಮುಖಕ್ಕೂ ಎದುರಾಡಲಾರದವನು. ಆಫೀಸಿನಲ್ಲಿ ಎದುರಿಗಿದ್ದವರು ಹಸಿ ಹಸಿ ಸುಳ್ಳು ಹೇಳುತ್ತಿದ್ದಾರೆ ಅಂತ ಗೊತ್ತಿದ್ದರೂ ತಲೆಯಾಡಿಸಿ ಬರುತ್ತೇನೆ. ನೆಂಟರ ನಡುವೆಯೂ ಅಷ್ಟೇ. "ಇದು ಸುಳ್ಳು" ಅಂತ ಗಟ್ಟಿಯಾಗಿ, ನಗುನಗುತ್ತ, ಯಾರ ಮನಸ್ಸೂ ಮುರಿಯದ ಹಾಗೆ ಹೇಳಲು ನನಗೆ ಸಿಕ್ಕಿರುವ ಜಾಗ ಅದೊಂದೇ, ಆ ನಾಲ್ಕು ಜನರ ನಡುವಿನ ಮೇಜು. ಅಲ್ಲೂ "ನಂಬಿಕೆ ಇಲ್ವಾ" ಅಂತ ಕೇಳಿದರೆ ನಾನೆಲ್ಲಿಗೆ ಹೋಗಲಿ? ನಿನ್ನನ್ನು ನಂಬುತ್ತೇನೆ ಅಂತಲೇ ಅಲ್ಲವೇನೋ ನಿನ್ನ ಎದುರು ಧೈರ್ಯವಾಗಿ ಬ್ಲಫ್ ಅನ್ನುವುದು! ನಂಬಿಕೆಯಿಲ್ಲದವರ ಜೊತೆ ನಾನು ಎಲೆಯನ್ನೇ ಮುಟ್ಟುವುದಿಲ್ಲ.

ಮೋಸ ಬೇರೆ, ಬ್ಲಫ್ ಬೇರೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡು ಅಂತ ಹೇಳಿ ಮೂರು ಎಲೆ ತಳ್ಳುವುದು, ಗುಡ್ಡೆಯ ತುದಿ ಎತ್ತಿ ಇಣುಕುವುದು, ತೊಡೆಯ ಕೆಳಗೆ ಎಲೆ ಮುಚ್ಚಿಡುವುದು, ಇವೆಲ್ಲ ಮೋಸ. ಎಲೆಯ ನಂಬರಿನ ಬಗ್ಗೆ ಸುಳ್ಳು ಹೇಳಬಹುದು, ಉಳಿದದ್ದೆಲ್ಲ ನೇರ ಇರಬೇಕು. ಕೆಲವು ಗುಂಪಿನಲ್ಲಿ ಎಣಿಕೆಯಲ್ಲೂ ಸುಳ್ಳು ನಡೆಯುತ್ತದೆ. ನಡೆಯಲಿ, ಆದರೆ ಹಂಚುವ ಮುಂಚೆ ಎಲ್ಲರೂ ಒಪ್ಪಿರಬೇಕು. ಆಣೆಯನ್ನು ನಾನು ಈ ಮೋಸದ ಸಾಲಿನಲ್ಲೇ ಇಡುತ್ತೇನೆ.

ಕೊನೆಯ ಎಲೆಯ ವಿಷಯವನ್ನೂ ಮೊದಲೇ ಮಾತಾಡಿಕೊಳ್ಳಿ. ಒಬ್ಬನ ಕೈಯಲ್ಲಿ ಒಂದೇ ಎಲೆ ಉಳಿದಾಗ ಹಿಡಿಯದೆ ಬಿಟ್ಟರೆ ಆಟ ಮುಗಿದೇಹೋಯಿತು. ಆದ್ದರಿಂದ ಯಾರಾದರೂ ಹಿಡಿಯಲೇಬೇಕು, ಸ್ನೇಹ ಪ್ರೀತಿ ನೋಡಿ ಬಿಡಬಾರದು. ಆ ಎಲೆ ನಿಜವಾಗಿರುವಂತೆ ಎರಡು ಮೂರು ಸುತ್ತು ಮುಂಚಿನಿಂದಲೇ ಜೋಡಿಸಿಕೊಂಡವನೇ ನಿಜವಾದ ಆಟಗಾರ.

ಮುಂದಿನ ವಾರ ಆರು ಜನ ಆಗುತ್ತೇವೆ. ಎರಡು ಕಟ್ಟು ಕಲಸೋಣ ಅಂತ ಆಗಲೇ ಮೆಸೇಜು ಬಂದಿದೆ. ನಾನು ಬೇಡ ಅಂದಿದ್ದೇನೆ. ಎರಡು ಕಟ್ಟಾದರೆ ಎಂಟು ರಾಣಿಯರಾಗುತ್ತಾರೆ, ಕೈಯಲ್ಲಿ ಏಳು ಇಟ್ಟುಕೊಳ್ಳದೆ "ಎರಡು ರಾಣಿ" ಸುಳ್ಳು ಅಂತ ಖಾತ್ರಿಯಾಗಿ ಹೇಳಲು ಬರುವುದಿಲ್ಲ, ಎಣಿಸುವವನ ಕೆಲಸವೇ ಹಾಳು. ಆರು ಜನಕ್ಕೆ ಒಂದೇ ಕಟ್ಟು ಧಾರಾಳ ಸಾಕು, ನಾಲ್ವರಿಗೆ ಒಂಬತ್ತು ಎಲೆ, ಇಬ್ಬರಿಗೆ ಎಂಟು. ಆಣೆ ಇಟ್ಟವನಿಗೂ ಬಾ ಅಂತ ಹೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಇದನ್ನು ಓದಿಯೇ ಓದುತ್ತಾನೆ. ಬಾರೋ, ನಿನ್ನ ಜಾಗ ಖಾಲಿ ಇಟ್ಟಿರುತ್ತೇವೆ. ಎಷ್ಟು ಬೇಕಾದರೂ ಸುಳ್ಳು ಹೇಳು, ಆಣೆ ಮಾತ್ರ ಮನೆಯಲ್ಲಿಟ್ಟು ಬಾ.