ಅಜ್ಜಿಯ ನೀಲಿ ಫೈಲು, ಅಪ್ಪನ ಟ್ರಂಕು

ಮೇಲಿನ ಮನೆಯ ಅಜ್ಜಿ ಕರೆದಾಗ, ಬಲ್ಬು ಹೋಗಿರಬೇಕು ಅಂದುಕೊಂಡೇ ಮೆಟ್ಟಿಲು ಹತ್ತಿದೆ. ಅವರಿಗೆ 86 ವರ್ಷ. ಏಣಿ ಹತ್ತುವ ಕೆಲಸ ಬಂದಾಗೆಲ್ಲ ನನ್ನನ್ನೇ ಕರೆಯುತ್ತಿದ್ದರು. ಆವತ್ತು ಬಲ್ಬು ಸರಿಯಾಗಿಯೇ ಇತ್ತು. ಮೇಜಿನ ಮೇಲೆ ಚಹಾ, ಸೇಬಿನ ಕೇಕು, ಪಕ್ಕದಲ್ಲಿ ಒಂದು ದಪ್ಪ ನೀಲಿ ಫೈಲು.

"ನನಗೆ ಏನಾದರೂ ಆದರೆ ಇದು ಈ ಕಪಾಟಿನಲ್ಲಿ ಇರುತ್ತದೆ. ಮಗ ಹ್ಯಾಂಬುರ್ಗಿನಿಂದ ಬರಲು ಹೊತ್ತು ಹಿಡಿಯುತ್ತದೆ. ಮೊದಲು ಬರುವವರು ನೀವೇ" ಅಂದರು.

ಒಂದೊಂದೇ ಹಾಳೆ ತಿರುವಿ ತೋರಿಸಿದರು. ಮೊದಲ ಹಾಳೆಯಲ್ಲಿ ಯಾರಿಗೆ ಫೋನ್ ಮಾಡಬೇಕು ಅನ್ನುವ ಪಟ್ಟಿ. ಆಮೇಲೆ ಬ್ಯಾಂಕು, ವಿಮೆ, ಬಾಡಿಗೆ ಕರಾರು. ಬದುಕಿ ಉಳಿಯುವ ಭರವಸೆ ಇಲ್ಲದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಡಾಕ್ಟರರಿಗೆ ಬರೆದ ಪತ್ರ. ಜರ್ಮನಿಯಲ್ಲಿ 2009ರಿಂದ ಅದಕ್ಕೆ ಕಾನೂನಿನ ಬಲ ಇದೆ. ಕೊನೆಯ ಹಾಳೆ ಅವರ ಸ್ವಂತ ಮಣ್ಣಿನ ದಿನದ್ದು. ಮೂರು ಸಂಗೀತಗಳ, ಅಂದರೆ ಸಭೆಯ ಹಾಡಿನ ಪುಸ್ತಕದ ಹಾಡುಗಳ, ನಂಬರು ಬರೆದಿದ್ದರು. ನಾಲ್ಕನೆಯದನ್ನು ಪೆನ್ಸಿಲಿನಿಂದ ಹೊಡೆದು ಪಕ್ಕದಲ್ಲಿ ಸಣ್ಣಗೆ ಒಂದು ಸಾಲು: "ಉದ್ದ ಜಾಸ್ತಿ. ಜನಕ್ಕೆ ಚಳಿಯಾಗುತ್ತದೆ."

ಆ ಸಾಲು ಓದಿ ನನಗೆ ಗಂಟಲು ಕಟ್ಟಿತು. ತನ್ನ ಶವದ ಮುಂದೆ ನಿಲ್ಲುವವರ ಕಾಲಿನ ಚಳಿಯನ್ನು ಯೋಚಿಸಿದ್ದರು ಅವರು.

ಫೈಲು ಮುಚ್ಚಿ ಕೇಳಿದರು: "ನಿಮ್ಮದು ಎಲ್ಲಿದೆ?"

"ನಮ್ಮದೆಲ್ಲ ದೇವರ ಕೈಯಲ್ಲಿದೆ" ಅಂದೆ. ನಮ್ಮ ಮನೆಯಲ್ಲಿ ಹಾಗೇ ಹೇಳುವುದು ರೂಢಿ.

"ಅದು ಸರಿ. ಕಾಗದ ಎಲ್ಲಿದೆ?"

ನಾನಿರುವ ಊರು ಎಸ್ಲಿಂಗೆನ್, ಸ್ಟುಟ್‌ಗಾರ್ಟಿನ ಪಕ್ಕ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು ಇದೇ ಊರಲ್ಲಿ, 1881ರಲ್ಲಿ. ನಿಘಂಟಿನ ಕಿಟ್ಟೆಲ್ ಕಣ್ಣು ಮುಚ್ಚಿದ ಟ್ಯೂಬಿಂಗೆನ್ ಕೂಡ ಇಲ್ಲಿಂದ ದೂರವಿಲ್ಲ. ನನ್ನ ಊರು ಬೆಟಗೇರಿ. ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ಬಂದ ಕ್ರೈಸ್ತ ಸಭೆಯಲ್ಲಿ ಬೆಳೆದವನು ನಾನು. ಈ ಸೀಮೆಯ ಜನರೇ ನಮ್ಮ ಮುತ್ತಜ್ಜಂದಿರಿಗೆ ಸತ್ಯವೇದ, ಅಂದರೆ ಬೈಬಲ್, ಓದಿಸಿದವರು. "ಈಗ ಅವರ ಗುಡಿಯೆಲ್ಲ ಖಾಲಿ, ಭಕ್ತಿ ಉಳಿದದ್ದು ನಮ್ಮಲ್ಲೇ" ಅನ್ನುವ ಮಾತನ್ನು ಊರಿಗೆ ಹೋದಾಗೆಲ್ಲ ಕೇಳುತ್ತೇನೆ. ನಾನೂ ಹೇಳಿದ್ದೇನೆ. ಆ ಶನಿವಾರದಿಂದ ಹೇಳುವುದನ್ನು ಬಿಟ್ಟೆ.

ಯಾಕೆಂದರೆ ಅವತ್ತು ಮೆಟ್ಟಿಲು ಇಳಿಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಅಪ್ಪನ ಟ್ರಂಕು.

ಅಪ್ಪ ಸಭೆಯ ಖಜಾಂಚಿ ಆಗಿದ್ದವರು. ಕಾಣಿಕೆಯ ಒಂದು ರೂಪಾಯಿ ಲೆಕ್ಕ ತಪ್ಪಿದರೂ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ದಿನಾ ರಾತ್ರಿ ಎಂಟಕ್ಕೆ ಮನೆಯಲ್ಲಿ ಕುಟುಂಬ ಪ್ರಾರ್ಥನೆ. "ಕರ್ತನೇ, ನಿನ್ನ ಬರೋಣಕ್ಕೆ ನಮ್ಮನ್ನು ಸಿದ್ಧಮಾಡು" ಅನ್ನುವ ಮಾತಿಲ್ಲದೆ ಅದು ಮುಗಿದದ್ದೇ ಇಲ್ಲ. 2018ರ ಜನವರಿಯಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಹುಬ್ಬಳ್ಳಿಗೆ ಒಯ್ದರು. 11 ದಿನ ವೆಂಟಿಲೇಟರ್ ಮೇಲೆ ಇದ್ದರು. "ಮುಂದ ಏನ್ ಮಾಡೋಣು ಹೇಳ್ರಿ" ಎಂದು ಡಾಕ್ಟರು ಕೇಳಿದರೆ ತಮ್ಮ ಒಂದು ಹೇಳಿದ, ಕಾಕಾ ಇನ್ನೊಂದು ಹೇಳಿದರು, ನಾನು ಫೋನಿನಲ್ಲಿ ಮೂರನೆಯದು ಹೇಳಿದೆ. ಅಪ್ಪನಿಗೆ ಏನು ಬೇಕಿತ್ತು ಅನ್ನುವುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನಾವು ಯಾವತ್ತೂ ಕೇಳಿರಲಿಲ್ಲ. ಅವ್ವ ಮಾತ್ರ ಬಾಗಿಲ ಹೊರಗೆ ಬೆಂಚಿನ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ಮಣ್ಣು ಮುಗಿದ ಮೇಲೆ ಟ್ರಂಕು ತೆಗೆದೆವು. ಒಂದು ಪಾಸ್‌ಬುಕ್ಕು ಸತ್ಯವೇದದೊಳಗೆ ಸಿಕ್ಕಿತು. ಎಲ್‌ಐಸಿ ಬಾಂಡು ಬಿಸ್ಕಿಟ್ ಡಬ್ಬಿಯಲ್ಲಿ, ನನ್ನ ಎರಡನೆಯ ಇಯತ್ತೆಯ ಮಾರ್ಕ್ಸ್ ಕಾರ್ಡಿನ ಕೆಳಗೆ. ಮನೆಯ ಉತಾರ, ಅಂದರೆ ಆಸ್ತಿಯ ದಾಖಲೆ, ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು. ಕಾಕಾನ ಪಾಲಿನ ದುಡ್ಡನ್ನು ಅಪ್ಪ ಎಷ್ಟೋ ವರ್ಷದ ಹಿಂದೆ ಕೈಯಲ್ಲೇ ಕೊಟ್ಟಿದ್ದರಂತೆ. ಕಾಗದ ಇಲ್ಲ. ಪೂರ್ತಿ ಕೊಟ್ಟಾರ ಅಂತ ತಮ್ಮ. ಅರ್ಧ ಉಳಿದದ ಅಂತ ಕಾಕಾ. ಇಬ್ಬರೂ ಸುಳ್ಳು ಹೇಳುವವರಲ್ಲ. ಇಬ್ಬರೂ ತಮಗೆ ನೆನಪಿದ್ದದ್ದನ್ನೇ ಹೇಳುತ್ತಿದ್ದರು.

ಒಂದೂವರೆ ವರ್ಷ ಅವ್ವ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆದಳು. ಇವತ್ತು ಮರಣ ದಾಖಲೆಯ ಝೆರಾಕ್ಸು, ನಾಳೆ ವಂಶವೃಕ್ಷ, ನಾಡಿದ್ದು ಅಫಿಡವಿಟ್ಟು. ಅದನ್ನಾದರೂ ಮರೆಯಬಹುದು. ತಮ್ಮ ಮತ್ತು ಕಾಕಾ ಮಾತು ಬಿಟ್ಟರು, ಅದನ್ನು ಮರೆಯಲಾರೆ. ಗುಡಿಯಲ್ಲಿ ಕಾಕಾ ಮುಂದಿನ ಎರಡನೆಯ ಬೆಂಚು, ತಮ್ಮ ಬಾಗಿಲ ಹತ್ತಿರ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ರವಿವಾರ ಒಬ್ಬರು ಎದ್ದು ಹೋದರೆ ಇನ್ನೊಬ್ಬರು ಕೂತೇ ಇರುತ್ತಾರೆ. ಒಂದು ಹಾಳೆ ಇಲ್ಲದ್ದಕ್ಕೆ ಒಂದು ಮನೆತನ ಕರ್ತನ ಮೇಜಿನಲ್ಲಿ ಎರಡಾಯಿತು.

ನಮ್ಮ ಊರುಗಳಲ್ಲಿ ಸಿದ್ಧತೆಯ ಮಾತು ಕಡಿಮೆಯೇನಿಲ್ಲ. ಪ್ರತಿ ಬೇಸಿಗೆಯಲ್ಲೂ ಉಜ್ಜೀವನ ಕೂಟ. "ಈ ರಾತ್ರಿ ಕರ್ತನು ಬಂದರೆ ನೀವು ಸಿದ್ಧವೋ?" ಎಂದು ಪ್ರಸಂಗಿ ಕೇಳಿದರೆ ಪೆಂಡಾಲಿನ ತುಂಬ ಕೈ ಏಳುತ್ತವೆ. ಕೂಟ ಮುಗಿಸಿ ಮನೆಗೆ ಬಂದು "ಅಪ್ಪಾ, ವಿಲ್ ಬರದಿಡು" ಅಂದರೆ ಮಾತ್ರ ಎಲ್ಲರೂ ಗಾಬರಿಯಾಗುತ್ತಾರೆ. ನಾನು ಒಮ್ಮೆ ಅಂದಿದ್ದೆ. "ಹೊತ್ತು ಮುಳುಗೋ ಹೊತ್ತಿನ್ಯಾಗ ಅಂಥಾ ಮಾತು ಬ್ಯಾಡಪಾ" ಅಂದಳು ಅವ್ವ. ಪುನರುತ್ಥಾನ ನಂಬುವ ಮನೆಯಲ್ಲಿ ಸಾವಿನ ಮಾತೇ ಅಪಶಕುನ. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಸತ್ಯವೇದವೇನೂ ಹಾಗೆ ಹೇಳುವುದಿಲ್ಲ. ಹಿಜ್ಕೀಯ ರಾಜ ಸಾಯುವ ಹಾಗೆ ಮಲಗಿದ್ದಾಗ ಪ್ರವಾದಿ ಯೆಶಾಯ ಬಂದು ಹೇಳಿದ್ದು, ನೀನು ಬದುಕುವುದಿಲ್ಲ, ಮನೆಯ ವ್ಯವಸ್ಥೆ ಮಾಡು ಎಂದು. ಯೇಸು ಶಿಲುಬೆಯ ಮೇಲಿದ್ದರೂ ತಾಯಿಯನ್ನು ಯಾರು ನೋಡಿಕೊಳ್ಳಬೇಕು ಅನ್ನುವುದನ್ನು ಹೇಳಿಯೇ ಪ್ರಾಣ ಬಿಟ್ಟನು. ಅಷ್ಟು ನೋವಿನಲ್ಲೂ ಆತನಿಗೆ ಅದು ಲೋಕದ ವಿಷಯ ಅನ್ನಿಸಲಿಲ್ಲ. ನಾವು ಉಯಿಲನ್ನು, ಉತಾರವನ್ನು, ಪಾಸ್‌ಬುಕ್ಕನ್ನು ಲೋಕದ ಲೆಕ್ಕಕ್ಕೆ ತಳ್ಳಿ, ಕಣ್ಣು ಮುಚ್ಚಿ ಹಾಡುವುದನ್ನು ಮಾತ್ರ ಆತ್ಮದ ಲೆಕ್ಕಕ್ಕೆ ಹಚ್ಚಿದ್ದೇವೆ.

ಇದೇನು ದೊಡ್ಡ ಕೆಲಸವೂ ಅಲ್ಲ. ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ವಿಲ್ ಬರೆಯಲು ಬಾಂಡ್ ಪೇಪರ್ ಬೇಕಿಲ್ಲ, ಬಿಳಿ ಹಾಳೆ ಸಾಕು. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಸಾಕ್ಷಿ ಹಾಕುವವರು ಆಸ್ತಿ ಪಡೆಯುವವರೋ ಅವರ ಗಂಡ ಅಥವಾ ಹೆಂಡತಿಯೋ ಆಗಬಾರದು, ಅಷ್ಟೇ. ನೋಂದಣಿ ಮಾಡಿಸಿದರೆ ಒಳ್ಳೆಯದು, ಕಡ್ಡಾಯವಲ್ಲ. ಬರೆಯದೆ ಹೋದರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ ಸಮನಾಗಿ. ಎಷ್ಟೋ ಮನೆಗಳಲ್ಲಿ ಎಲ್ಲಾ ತನಗೇ ಬರುತ್ತದೆ ಎಂದು ನಂಬಿ ಕೂತ ತಾಯಂದಿರಿದ್ದಾರೆ. ಅಜ್ಜಿ ಡಾಕ್ಟರರಿಗೆ ಬರೆದಂಥ ಚಿಕಿತ್ಸೆಯ ಪತ್ರವೂ ಈಗ ನಮ್ಮ ದೇಶದಲ್ಲಿ ಇದೆ. ಅಪ್ಪ ಹೋದ ಎರಡು ತಿಂಗಳಿಗೆ, 2018ರ ಮಾರ್ಚಿನಲ್ಲಿ, ಸುಪ್ರೀಂ ಕೋರ್ಟು ಅದಕ್ಕೆ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಅದರ ನಿಯಮಗಳನ್ನು ಹಗುರ ಮಾಡಿತು. ನಮ್ಮ ಸಭೆಯಲ್ಲಿ ಯಾರಾದರೂ ಬರೆದಿದ್ದಾರಾ ಎಂದು ತಮ್ಮನನ್ನು ಕೇಳಿದೆ. "ಅದೇನಣ್ಣಾ ಅದು?" ಅಂದ.

ಅಜ್ಜಿ ಮರುವರ್ಷ ಮಾರ್ಚಿನಲ್ಲಿ ಹೋದರು. ಬಚ್ಚಲಲ್ಲಿ ಬಿದ್ದಿದ್ದರು. ಆಂಬ್ಯುಲೆನ್ಸು ಬಂದಾಗ ಅವರ ಕೀಲಿ ನನ್ನ ಹತ್ತಿರ ಇತ್ತು. ಕಪಾಟು ತೆಗೆದು ನೀಲಿ ಫೈಲಿನಿಂದ ಆ ಪತ್ರ ತೆಗೆದುಕೊಡಲು ಎರಡು ನಿಮಿಷ ಹಿಡಿಯಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಓದಿದರು, ಮಗನಿಗೆ ಫೋನ್ ಮಾಡಿದರು, ಅಷ್ಟೇ. ನಳಿಗೆ ಹಾಕಲಿಲ್ಲ. ನೋವಿಗೆ ಔಷಧ ಕೊಟ್ಟರು. ನಾಲ್ಕನೆಯ ದಿನ ಬೆಳಗಿನ ಜಾವ ಮಗ ಪಕ್ಕದಲ್ಲಿ ಇರುವಾಗಲೇ ಉಸಿರು ನಿಂತಿತು. ಆ ಮಗನ ಮುಖದಲ್ಲಿ ದುಃಖ ಇತ್ತು, ದಿಗಿಲು ಇರಲಿಲ್ಲ. ನಮ್ಮ ಮುಖಗಳಲ್ಲಿ ಆ 11 ದಿನ ಬರೀ ದಿಗಿಲೇ ಇತ್ತು, ಅಳುವುದಕ್ಕೂ ಪುರುಸೊತ್ತು ಇರಲಿಲ್ಲ.

ಇಲ್ಲಿ ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲ ಶುರುವಾಗುವ ಹಿಂದಿನ ರವಿವಾರ ಸತ್ತವರನ್ನು ನೆನೆಯುತ್ತಾರೆ. 1816ರಲ್ಲಿ ಅಂದಿನ ಜರ್ಮನ್ ರಾಜ್ಯ ಪ್ರಶ್ಯದ ರಾಜ ಮೂರನೆಯ ಫ್ರೀಡ್ರಿಖ್ ವಿಲ್ಹೆಲ್ಮ್ ಹಾಕಿದ ಕಟ್ಟಳೆ. ಆ ವರ್ಷ ತೀರಿಕೊಂಡ ಸಭಿಕರ ಹೆಸರು ಒಂದೊಂದಾಗಿ ಓದುತ್ತಾರೆ, ಒಂದೊಂದು ಹೆಸರಿಗೂ ಒಂದು ಮೇಣದ ಬತ್ತಿ ಹಚ್ಚುತ್ತಾರೆ. ಅಜ್ಜಿಯ ಹೆಸರು ಬಂದಾಗ ನಾನು ಎದ್ದು ನಿಂತೆ. ಆ ದಿನದ ಪಾಠ ಯೇಸು ಹೇಳಿದ ಹತ್ತು ಮಂದಿ ಕನ್ಯೆಯರ ಸಾಮ್ಯ: ದೀಪ ಹಿಡಿದು ಮದುವಣಿಗನಿಗೆ ಕಾದವರಲ್ಲಿ ಐವರು ಬುದ್ಧಿವಂತೆಯರು ಮಾತ್ರ ಎಣ್ಣೆ ತಂದಿದ್ದರು, ಉಳಿದ ಐವರು ಹೊರಗೇ ಉಳಿದರು. ಭಾನುವಾರ ಶಾಲೆಯಿಂದ ಕೇಳಿದ ಕಥೆ. ಆದರೆ ಆವತ್ತೇ ನನಗೆ ಹೊಳೆದದ್ದು, ನಿದ್ದೆ ಮಾಡಿದ್ದು ಹತ್ತೂ ಮಂದಿ. ಬುದ್ಧಿವಂತೆಯರೂ ತೂಕಡಿಸಿದರು. ದೀಪವೂ ಹತ್ತು ಮಂದಿಯ ಕೈಯಲ್ಲಿತ್ತು. ವ್ಯತ್ಯಾಸ ಇದ್ದದ್ದು ಮೊದಲೇ ತುಂಬಿಟ್ಟುಕೊಂಡ ಎಣ್ಣೆಯಲ್ಲಿ ಮಾತ್ರ. ಅಜ್ಜಿ ಎಣ್ಣೆ ತುಂಬಿಟ್ಟಿದ್ದರು. ನಾವು ಬರೀ ದೀಪ ಎತ್ತಿ ಹಿಡಿದು ಹಾಡುವವರು.

ಇಲ್ಲಿಗೇ ನಿಲ್ಲಿಸಬೇಕು ಅನ್ನಿಸುತ್ತದೆ. ಆದರೆ ಒಂದು ವಿಷಯ ಹೇಳದೆ ಹೋದರೆ ಅಪ್ಪನಿಗೆ ಅನ್ಯಾಯ.

ಅಜ್ಜಿಯ ಫೋನ್ ಪಟ್ಟಿಯಲ್ಲಿ ಹತ್ತು ಹೆಸರಿದ್ದವು. ಕೊನೆಯದು ಅವರ ತಂಗಿಯದು. ಇಲ್ಲಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಹೆಸರಿನ ಮುಂದೆ, ಅದೇ ಚೊಕ್ಕ ಅಕ್ಷರದಲ್ಲಿ, "ಮಣ್ಣು ಆದ ಮೇಲೆ ತಿಳಿಸಿರಿ" ಎಂದು ಬರೆದಿತ್ತು. ಯಾವ ಜಗಳವೋ, ಮಗನಿಗೂ ಸರಿಯಾಗಿ ಗೊತ್ತಿರಲಿಲ್ಲ. ಮಣ್ಣಿನ ದಿನ ಪಾದ್ರಿ ಸೇರಿ ನಾವು ಹನ್ನೊಂದು ಜನ. ಮೂರು ಸಂಗೀತ, ಒಂದು ಪ್ರಾರ್ಥನೆ. ಅರ್ಧ ಗಂಟೆಯೂ ಆಗಲಿಲ್ಲ. ಆಮೇಲೆ ಪಕ್ಕದ ಬೇಕರಿಯಲ್ಲಿ ಕಾಫಿ, ಅದರ ದುಡ್ಡನ್ನೂ ಅವರೇ ಎತ್ತಿಟ್ಟಿದ್ದರು. ನಾಲ್ಕು ಗಂಟೆಯ ರೈಲಿಗೆ ಮಗ ಹೊರಟ. ಇಲ್ಲಿ ಸಮಾಧಿಯ ಜಾಗವೂ ಬಾಡಿಗೆಯದು, ಹೆಚ್ಚು ಕಡೆ 15ರಿಂದ 25 ವರ್ಷ. ಆಮೇಲೆ ಯಾರೂ ಕಟ್ಟದಿದ್ದರೆ ಕಲ್ಲು ತೆಗೆಯುತ್ತಾರೆ.

ಅಪ್ಪನ ಮಣ್ಣಿಗೆ ಸಭೆ ಅಷ್ಟೂ ಬಂದಿತ್ತು. ಗುಂಡಿ ತೋಡಿದವರು ನಮ್ಮ ಸಭೆಯ ಹುಡುಗರೇ. ಮೂರು ದಿನ ನಮ್ಮ ಒಲೆ ಹತ್ತಲಿಲ್ಲ, ಓಣಿಯ ಲಿಂಗಾಯತರ ಮನೆಗಳಿಂದ ರೊಟ್ಟಿ, ಪಲ್ಯ, ಅನ್ನ, ಸಾರು ಬಂತು. ಅಷ್ಟು ಜನ ಯಾಕೆ ಬಂದರು ಅನ್ನುವುದಕ್ಕೆ ನನಗೆ ಗೊತ್ತಿರುವ ಕಾರಣ ಒಂದೇ. ಕರ್ತನ ಭೋಜನದ ಹಿಂದಿನ ಶನಿವಾರ ಸಂಜೆ ಅಪ್ಪ ಮುಖ ತೊಳೆದು ಬಿಳಿ ಅಂಗಿ ಹಾಕಿಕೊಂಡು ಹೊರಗೆ ಹೋಗುತ್ತಿದ್ದರು. ಆ ತಿಂಗಳಲ್ಲಿ ಯಾರ ಜೊತೆ ಮಾತು ಬಂದಿತ್ತೋ ಅವರ ಮನೆಗೆ. ಹೋಗಿ ಕೂತು, ಒಂದು ಕಪ್ ಚಹಾ ಕುಡಿದು ಬರುತ್ತಿದ್ದರು. ಅಲ್ಲಿ ಏನು ಮಾತಾಡಿದರು ಎಂದು ನಮಗೆ ಹೇಳುತ್ತಿರಲಿಲ್ಲ. ಮಳೆ ಬರಲಿ, ಜ್ವರ ಬರಲಿ, ಆ ಶನಿವಾರ ತಪ್ಪಿಸಲಿಲ್ಲ. ಅವರು ಹೋದಾಗ ಗದಗ-ಬೆಟಗೇರಿಯಲ್ಲಿ ಅವರ ಮೇಲೆ ಮುನಿಸಿಕೊಂಡವರು ಒಬ್ಬರೂ ಇರಲಿಲ್ಲ. ಆ ಎಣ್ಣೆಯನ್ನು ನೀಲಿ ಫೈಲಿನಲ್ಲಿ ಇಡಲು ಬರುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು. ಅಪ್ಪನ ಟ್ರಂಕಿನ ಮೇಲಿನ ನನ್ನ ಸಿಟ್ಟು ಅಷ್ಟು ದೊಡ್ಡದಿತ್ತು, ಇನ್ನೂ ಪೂರ್ತಿ ಇಳಿದಿಲ್ಲ.

ನಾನೂ ಒಂದು ಫೈಲು ಕೊಂಡೆ. ನನ್ನದು, ಹೆಂಡತಿಯದು ಬರೆದು ಮುಗಿಸಿದೆ. ಹೋದ ತಿಂಗಳು ಅವ್ವನಿಗೆ ವಿಡಿಯೋ ಕಾಲ್ ಮಾಡಿದಾಗ ಧೈರ್ಯ ಮಾಡಿ ಕೇಳಿದೆ. "ಅವ್ವಾ, ನಿನ್ನ ಮಣ್ಣಿಗೆ ಯಾವ ಸಂಗೀತ ಬೇಕು?"

ಬೈಯುತ್ತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದು ತಿಜೋರಿಯ ಮೇಲಿಂದ ಸಂಗೀತ ಪುಸ್ತಕ ತಂದಳು. ಕನ್ನಡಕ ಹಾಕಿಕೊಂಡು ಹಾಳೆ ತಿರುವಿದಳು. ಎರಡು ನಂಬರು ಹೇಳಿದಳು. ಬರೆದುಕೊಂಡೆ.

"ಎರಡನೇದ್ದು ನಿನ್ನ ತಮ್ಮ, ನಿಮ್ಮ ಕಾಕಾ ಕೂಡಿ ಹಾಡಬೇಕು. ಅದನ್ನೂ ಬರಿ ಅಪ್ಪಾ."

"ಅವರು ಒಪ್ಪತಾರೇನು?"

"ನೀ ಬರಿ. ಶನಿವಾರ ನಾನ ಹೋಗಿ ಹೇಳತೀನಿ."