‘ಆಗೋದಿಲ್ಲ’ ಅಂತ ಯಾರಾದರೂ ಹೇಳಬೇಕಲ್ವಾ?

ಪತ್ರ ಬಂದಿದ್ದು ಒಂದು ಶನಿವಾರ. ಇಂಗ್ಲೆಂಡಿನ ಉತ್ತರಕ್ಕಿರುವ ನಮ್ಮ ಸಣ್ಣ ಊರಿನಲ್ಲಿ ಶನಿವಾರವೂ ಅಂಚೆ ಬರುತ್ತದೆ. ಒಂದೂವರೆ ಪುಟ. ನಿಮ್ಮ ಐವಿಎಫ್‌ಗೆ (ಅಂಡ, ವೀರ್ಯಾಣುವನ್ನು ದೇಹದ ಹೊರಗೆ ಕೂಡಿಸಿ ಭ್ರೂಣವನ್ನು ಗರ್ಭದಲ್ಲಿ ಇಡುವ ಚಿಕಿತ್ಸೆ) ಸರ್ಕಾರದ ಹಣ ಸಿಗುವುದಿಲ್ಲ, ಯಾಕೆಂದರೆ ನಿಮ್ಮಿಬ್ಬರಲ್ಲಿ ಒಬ್ಬರಿಗೆ ಈಗಾಗಲೇ ಮಗು ಇದೆ ಅಂತ ಬರೆದಿತ್ತು. ಆ ಒಬ್ಬರು ನಾನು. ನನ್ನ ಮೊದಲ ಮದುವೆಯ ಮಗಳಿಗೆ ಆಗ 11 ವರ್ಷ. ಧಾರವಾಡದಲ್ಲಿ ತಾಯಿಯ ಜೊತೆ ಇರುತ್ತಾಳೆ. ಈಗಿನ ನನ್ನ ಹೆಂಡತಿಗೆ ಮಕ್ಕಳಿಲ್ಲ.

ಅವತ್ತು ರಾತ್ರಿ ಹುಬ್ಬಳ್ಳಿಗೆ ಫೋನ್ ಮಾಡಿ ವೈನಿಗೆ ಹೇಳಿದೆ. ಅವರಿಗೆ ನಂಬಲಿಕ್ಕೇ ಆಗಲಿಲ್ಲ. “ಬ್ಯಾಡ ಅನ್ನಾಕ ಅವರ್ಯಾರು? ಇಬ್ರೂ ಇಲ್ಲೆ ಬರ್ರಿ. ಇಲ್ಲೆ ಯಾರೂ ಬ್ಯಾಡ ಅನ್ನಂಗಿಲ್ಲ” ಅಂದರು.

ಆ ಮಾತು ಅವತ್ತು ಧೈರ್ಯ ಕೊಟ್ಟಿತು. ಎರಡು ವರ್ಷ ಆದ ಮೇಲೆ ಈಗ ನೆನೆಸಿಕೊಂಡರೆ, ನಮ್ಮ ಕಡೆ ಜನ ಸೋಲುತ್ತಿರುವುದೇ ಅದರಿಂದ ಅನ್ನಿಸುತ್ತದೆ. ಅಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಆಗುವುದಿಲ್ಲ ಅಂತ ಗೊತ್ತಿದ್ದರೂ ಅನ್ನುವುದಿಲ್ಲ.

ಮೊದಲು ಇಲ್ಲಿನ ಕಥೆ ಹೇಳುತ್ತೇನೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ಗೆ ಚಿಕಿತ್ಸೆ ಹೇಗಿರಬೇಕು ಅಂತ ಸಲಹೆ ಕೊಡುವ ನೈಸ್ ಎಂಬ ಸಂಸ್ಥೆ ಇದೆ. 2013ರಲ್ಲಿ ಅದು ಹೇಳಿದ್ದು ಇಷ್ಟು: ಎರಡು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, 40ರೊಳಗಿನ ಹೆಣ್ಣುಮಕ್ಕಳಿಗೆ ಐವಿಎಫ್‌ನ ಮೂರು ಪೂರ್ತಿ ಸೈಕಲ್, ಅಂದರೆ ಚಿಕಿತ್ಸೆಯ ಮೂರು ಪೂರ್ತಿ ಸುತ್ತು, ಕೊಡಿ. 40ರಿಂದ 42ರವರೆಗಿನವರಿಗೆ, ಕೆಲವು ಷರತ್ತಿನ ಮೇಲೆ, ಒಂದು ಸೈಕಲ್. ಆದರೆ ಇದು ಸಲಹೆ ಮಾತ್ರ. ಹಣ ಕೊಡುವುದು ಆಯಾ ಭಾಗದ ಆರೋಗ್ಯ ಮಂಡಳಿ. ಅವು ತಮ್ಮ ತಮ್ಮ ನಿಯಮ ಹಾಕಿಕೊಂಡಿವೆ. ಎಷ್ಟೋ ಕಡೆ ಒಂದೇ ಸೈಕಲ್. ಹೆಂಡತಿಯ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 30 ದಾಟಿದ್ದರೆ ಇಲ್ಲ. ಇಬ್ಬರಲ್ಲಿ ಒಬ್ಬರು ಸಿಗರೇಟು ಸೇದಿದರೂ ಇಲ್ಲ. ಒಬ್ಬರಿಗೆ ಹಿಂದಿನ ಸಂಬಂಧದಿಂದ ಮಗು ಇದ್ದರೂ ಇಲ್ಲ. ಪಕ್ಕದ ಜಿಲ್ಲೆಯಲ್ಲಿ ಸಿಗುವುದು ನಮ್ಮಲ್ಲಿ ಸಿಗದೇ ಇರಬಹುದು. ಪೋಸ್ಟ್‌ಕೋಡ್ ಲಾಟರಿ, ಅಂದರೆ ನಿಮ್ಮ ಪಿನ್‌ಕೋಡ್ ಯಾವುದೋ ಅದರಂತೆ ಅದೃಷ್ಟ, ಅಂತ ಇಲ್ಲಿನ ಜನರೇ ಬೇಸರದಿಂದ ಹೇಳುತ್ತಾರೆ.

ನನಗೂ ಸಿಟ್ಟು ಬಂತು. ಈಗಲೂ ಇದೆ. ಬಾಣಂತನ ಕಾಣದ ಹೆಣ್ಣುಮಗಳೊಬ್ಬಳಿಗೆ, ನಿನ್ನ ಗಂಡನಿಗೆ ದೂರದ ಊರಿನಲ್ಲಿ ಮಗಳಿದ್ದಾಳೆ, ಅದೇ ಸಾಕು ಅಂದರೆ ಅದು ಯಾವ ನ್ಯಾಯ? ನಮ್ಮದು ವಿಶೇಷ ಪ್ರಕರಣ, ಹಣ ಕೊಡಿ ಅಂತ ಮತ್ತೆ ಅರ್ಜಿ ಹಾಕಿದೆವು. ಅದೂ ಆಗಲಿಲ್ಲ. ಕೊನೆಗೆ ಸ್ವಂತ ದುಡ್ಡಿನಲ್ಲಿ ಮಾಡಿಸಿಕೊಂಡೆವು. ಏನಾಯಿತು ಅನ್ನುವುದು ನಮ್ಮಿಬ್ಬರ ಮಾತು, ಇಲ್ಲಿ ಬೇಡ.

ಆದರೆ ನಿಯಮ ಏನು ಅಂತ ನಮಗೆ ಮೊದಲೇ ಓದಲು ಸಿಕ್ಕಿತ್ತು. ಕಾರಣವನ್ನು ಬರೆದು ಕೊಟ್ಟರು. ಜಗಳ ಆಡಲಿಕ್ಕೆ ಒಂದು ಜಾಗ ಇತ್ತು.

ಆಮೇಲೆ ಖಾಸಗಿ ಕ್ಲಿನಿಕ್‌ಗೆ ಹೋದಾಗ ಇನ್ನೊಂದು ಫಾರಂ ಕೊಟ್ಟರು. ಹುಟ್ಟುವ ಮಗುವಿನ ಕ್ಷೇಮದ ಬಗ್ಗೆ. ದುಡ್ಡು ಯಾರೇ ಕೊಡಲಿ, ಇಲ್ಲಿನ 1990ರ ಕಾನೂನಿನ ಪ್ರಕಾರ ಮಗುವಿನ ಕ್ಷೇಮವನ್ನು ಯೋಚಿಸದೆ ಚಿಕಿತ್ಸೆ ಕೊಡುವಂತಿಲ್ಲ. ಮನೆಯಲ್ಲಿ ಹೊಡೆದಾಟ ಇದೆಯಾ? ಕುಡಿತ, ಮಾದಕ ವಸ್ತು ಇದೆಯಾ? ಇದ್ದ ಮಕ್ಕಳನ್ನು ಸರ್ಕಾರ ನಿಮ್ಮಿಂದ ಬೇರೆ ಮಾಡಿತ್ತಾ? ಉತ್ತರ ನೋಡಿ ಕ್ಲಿನಿಕ್ ಇಲ್ಲ ಅನ್ನಬಹುದು. ನನಗೆ ಮೊದಲು ಅವಮಾನ ಆದಂತೆ ಆಯಿತು. ಮನೆಗೆ ಬರುವ ದಾರಿಯಲ್ಲಿ ಹೆಂಡತಿ ಅಂದಳು, “ಗಂಡಸರನ್ನ ಕೂಡಿಸಿಕೊಂಡು ಇದನ್ನೆಲ್ಲ ಯಾರಾದ್ರೂ ಕೇಳಿದ್ದು ನಾನು ಇದೇ ಮೊದಲ ಸಲ ನೋಡಿದ್ದು.” ಅವಳು ಹಾವೇರಿಯವಳು. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಇನ್ನು ನಮ್ಮ ಊರಿನ ವಿಷಯ. ಅಲ್ಲಿ ಕಾನೂನು ಇಲ್ಲ ಅಂತಲ್ಲ. ಐವಿಎಫ್‌ನಂಥ ಚಿಕಿತ್ಸೆಗಳಿಗೆ ನಿಯಮ ಹಾಕುವ 2021ರ ಎಆರ್‌ಟಿ ಕಾಯ್ದೆ 2022ರ ಜನವರಿಯಿಂದ ಜಾರಿಯಲ್ಲಿದೆ. ವಯಸ್ಸು ಹೆಂಡತಿಗೆ 21ರಿಂದ 50, ಗಂಡನಿಗೆ 21ರಿಂದ 55. ಮದುವೆಯಾದ ದಂಪತಿಗೆ ಅವಕಾಶ ಇದೆ, ಒಂಟಿ ಹೆಣ್ಣುಮಗಳಿಗೂ ಇದೆ. ಒಂಟಿ ಗಂಡಸಿಗಿಲ್ಲ, ಮದುವೆಯಾಗದೆ ಜೊತೆಗಿರುವವರಿಗೂ ಇಲ್ಲ. ಅಂಡ ದಾನ ಮಾಡುವವಳು 23ರಿಂದ 35ರೊಳಗೆ ಇರಬೇಕು, ಜೀವನದಲ್ಲಿ ಒಂದೇ ಸಲ ಕೊಡಬಹುದು. ಇಷ್ಟು ಸ್ಪಷ್ಟ ಇದೆ.

ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಗಂಡ ಹೆಂಡತಿ ಬೆಳೆದ ಮಗನನ್ನು ಬೈಪಾಸ್ ರಸ್ತೆಯ ಅಪಘಾತದಲ್ಲಿ ಕಳೆದುಕೊಂಡರು. ಒಬ್ಬನೇ ಮಗ. ಇನ್ನೊಂದು ಮಗು ಬೇಕು ಅಂತ ಆಸ್ಪತ್ರೆಗೆ ಹೋದಾಗ ಹೆಂಡತಿಗೆ 51 ಆಗಿತ್ತು. ಒಂದು ತಿಂಗಳು ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಎಲ್ಲ ಆಯಿತು. ಆಮೇಲೆ ವಯಸ್ಸು ದಾಟಿದೆ ಅಂದರು. 50ರ ಗೆರೆ ತಪ್ಪು ಅಂತ ನಾನು ಹೇಳಲಾರೆ, ಆ ವಯಸ್ಸಿನಲ್ಲಿ ಬಸಿರು ತಾಯಿಯ ಜೀವಕ್ಕೇ ಭಾರ. ಆದರೆ ಆಧಾರ್ ಕಾರ್ಡ್ ನೋಡಿದ ಮೊದಲ ದಿನವೇ ಹೇಳಬಹುದಿತ್ತಲ್ವಾ? ಆ ಒಂದು ತಿಂಗಳು ಆ ತಾಯಿ ಏನೇನು ಕನಸು ಕಂಡಳೋ.

ಗದಗ ಬೆಟಗೇರಿಯಲ್ಲಿ ನನ್ನ ಚಿಕ್ಕಪ್ಪನ ಮಗಳು ಇದ್ದಾಳೆ. ಎಂಟು ವರ್ಷ ಚಿಕಿತ್ಸೆ ತೆಗೆದುಕೊಂಡಳು. ಗದಗ, ಹುಬ್ಬಳ್ಳಿ, ಬೆಳಗಾವಿ. ಹೋದಲ್ಲೆಲ್ಲ ಹೊಸ ಫೈಲ್, ಹಳೆಯ ಪರೀಕ್ಷೆಗಳೇ ಮತ್ತೆ. ತವರಿನಲ್ಲಿ ಹಾಕಿದ ಬಂಗಾರ ಹೋಯಿತು, ಹೊಲದ ಮೇಲೆ ಸಾಲ ಆಯಿತು. ಆರೋಗ್ಯ ವಿಮೆ ಇತ್ತು. ಆದರೆ ನಮ್ಮ ದೇಶದ ಹೆಚ್ಚಿನ ಪಾಲಿಸಿಗಳಲ್ಲಿ ಬಂಜೆತನದ ಚಿಕಿತ್ಸೆಯನ್ನು ಹೊರಗಿಟ್ಟೇ ಬರೆದಿರುತ್ತಾರೆ. ಅವಳಿಗೆ ಅದು ಗೊತ್ತಾಗಿದ್ದು ಬಿಲ್ ಕೈಗೆ ಬಂದ ಮೇಲೆ. ಗಂಡನ ವೀರ್ಯ ಪರೀಕ್ಷೆ ಮಾಡಿಸಿದ್ದು ಆರನೇ ವರ್ಷ. ಆರು ವರ್ಷ! ವೀರ್ಯಾಣು ತೀರಾ ಕಡಿಮೆ ಇದ್ದವು. ಮೊದಲ ತಿಂಗಳೇ ನೋಡಿದ್ದರೆ, ಒಂದೊಂದೇ ವೀರ್ಯಾಣುವನ್ನು ಅಂಡದೊಳಗೆ ಬಿಡುವ ಇಕ್ಸಿಯನ್ನು ಅವಳ 34ನೇ ವಯಸ್ಸಿನಲ್ಲೇ ಮಾಡಬಹುದಿತ್ತು. ಗೊತ್ತಾಗುವ ಹೊತ್ತಿಗೆ ಅವಳಿಗೆ 40. ಆಗಲೂ ಯಾರೂ ಬಿಡಿಸಿ ಹೇಳಲಿಲ್ಲ. “ಇನ್ನೊಂದ್ ಸಲ ಟ್ರೈ ಮಾಡೋಣು” ಅನ್ನುತ್ತಲೇ ಹೋದರು. ಈ ನಡುವೆ ಓಣಿಯಲ್ಲಿ ಕುಬಸಕ್ಕೆ, ತೊಟ್ಟಿಲಿಗೆ ಅವಳನ್ನು ಕರೆಯುವುದನ್ನೇ ಬಿಟ್ಟಿದ್ದರು. ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊತ್ತವಳೂ ಅವಳೇ, ಉಪವಾಸ ಮಾಡಿದವಳೂ ಅವಳೇ.

ಅವಳಿಗೂ ಕೊನೆಗೆ ಸಿಕ್ಕಿದ್ದು ‘ಆಗೋದಿಲ್ಲ’ ಅನ್ನುವ ಉತ್ತರವೇ ಅಲ್ವಾ? ಇಲ್ಲಿ ಮಂಡಳಿ ಪತ್ರ ಬರೆದು ಹೇಳಿತು. ಅಲ್ಲಿ ದುಡ್ಡು ಮುಗಿದು, ವಯಸ್ಸು ಮುಗಿದು ಗೊತ್ತಾಯಿತು.

ನಮ್ಮ ಕಾಯ್ದೆಯಲ್ಲೇ ಬರೆದಿದೆ. ಗರ್ಭ ನಿಲ್ಲುವ ಸಾಧ್ಯತೆ ಎಷ್ಟು, ಖರ್ಚು ಎಷ್ಟು, ಅಪಾಯ ಏನು ಅಂತ ಕ್ಲಿನಿಕ್ ಕೂಡಿಸಿಕೊಂಡು ತಿಳಿಸಿ ಹೇಳಬೇಕು. ದೂರು ಕೇಳಲು ವ್ಯವಸ್ಥೆ ಇರಬೇಕು. ಹೀಗಾಗಿ ನಾನು ಹೊಸದೇನೂ ಕೇಳುತ್ತಿಲ್ಲ. ಅದನ್ನು ಕನ್ನಡದಲ್ಲಿ, ಒಂದು ಹಾಳೆಯ ಮೇಲೆ ಬರೆದು, ಮೊದಲ ಭೇಟಿಯಲ್ಲೇ ಗಂಡ ಹೆಂಡತಿ ಇಬ್ಬರ ಕೈಗೂ ಕೊಡಲಿ. ಗಂಡನ ಪರೀಕ್ಷೆ ಆಗದೆ ಹೆಂಡತಿಗೆ ಒಂದು ಇಂಜೆಕ್ಷನ್ನೂ ಬೇಡ. ಅದು ಸಣ್ಣ ಖರ್ಚಿನ, ನೋವಿಲ್ಲದ ಪರೀಕ್ಷೆ.

ದುಡ್ಡಿನ ಮಾತೂ ಇದೆ. ಪಕ್ಕದ ಗೋವಾದಲ್ಲಿ 2023ರಲ್ಲಿ ಬಾಂಬೋಳಿಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಉಚಿತ ಐವಿಎಫ್ ಶುರು ಮಾಡಿದರು. ಜನ ಕಿಮ್ಸ್ ಅನ್ನುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೆ ಗದಗ, ಹಾವೇರಿಯಿಂದ ದಿನಾ ಎಷ್ಟು ಜನ ಬರುತ್ತಾರೆ! ಅವರಲ್ಲಿ ಯಾರೂ ಮಗುವಿಗಾಗಿ ಹೊಲ ಅಡ ಇಡುವಂತೆ ಆಗಬಾರದು. ಸರ್ಕಾರ ಹಣ ಕೊಟ್ಟರೆ ಇಲ್ಲಿನ ಹಾಗೆ ಷರತ್ತುಗಳೂ ಬರುತ್ತವೆ. ಬರಲಿ. ಆದರೆ ಮೊದಲ ಮದುವೆಯ ಮಗುವನ್ನು ಎರಡನೇ ಹೆಂಡತಿಯ ಲೆಕ್ಕಕ್ಕೆ ಹಾಕುವ ಷರತ್ತು ಮಾತ್ರ ಬೇಡವೇ ಬೇಡ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಬೆಟಗೇರಿಗೆ ಹೋಗಿದ್ದೆ. ತಂಗಿಗೆ ನಮ್ಮ ಪತ್ರದ ಕಥೆ ಹೇಳಿದೆ. ಸುಮ್ನೆ ಕೇಳುತ್ತಾ ಕೂತಿದ್ದಳು. ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದಳು.

“ಅಣ್ಣಾ, ಆ ಪತ್ರದಾಗ ನಿನ್ನ ಹೆಸರೂ ಇತ್ತೇನು?”

ಇತ್ತು ಅಂದೆ. ಒಳಗೆ ಹೋಗಿ ತನ್ನ ಫೈಲ್‌ಗಳ ಚೀಲ ತಂದು ನನ್ನ ಮುಂದೆ ಇಟ್ಟಳು. ಒಂದೊಂದಾಗಿ ತೆಗೆದು ನೋಡಿದೆ. ಎಲ್ಲದರ ಮೇಲೂ ಅವಳ ಹೆಸರು ಒಂದೇ ಇತ್ತು.