ಬೆಕ್ಕು ನಾಯಿಗಳ ಮಳೆ

ಬದಿಯಡ್ಕದಲ್ಲಿ ಮಳೆ ಹಿಡಿದು ನಾಲ್ಕು ದಿನವಾಯಿತು. ಬಿಟ್ಟರಲ್ಲವೇ ಅಡಕೆಗೆ ಮದ್ದು ಬಿಡುವುದು? ನಾನು ಇಲ್ಲಿ ಚಡಪಡಿಸುತ್ತಿದ್ದರೆ, ಮಗಳು ಜಗಲಿಯಲ್ಲಿ ಕೂತು ಟೆಸ್ಟಿಗೆ ಇಂಗ್ಲಿಷ್ ನುಡಿಗಟ್ಟು "ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್" ಬಾಯಿಪಾಠ ಮಾಡುತ್ತಿದ್ದಾಳೆ. ಗೈಡಿನಲ್ಲಿ ಅರ್ಥ ನೋಡಿದೆ: "ಬೆಕ್ಕು ನಾಯಿಗಳ ಮಳೆ". ಅಚ್ಚು ಹಾಕಿಯೇ ಬಿಟ್ಟಿದ್ದಾರೆ ಮಾರಾಯ್ರೇ! ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಕಾಸರಗೋಡಿನಲ್ಲಿ ಮಳೆಗೆ ಮಾತು ಸಿಗಲಿಲ್ಲವೇ ಇವರಿಗೆ? ಧೋ ಅನ್ನಿ, ಜಡಿಮಳೆ ಅನ್ನಿ, ಆಕಾಶವೇ ತೂತಾಯಿತು ಅನ್ನಿ.

ಇಂಗ್ಲಿಷಿನ ಮೇಲೆ ನನಗೇನೂ ಸಿಟ್ಟಿಲ್ಲ. "ನ್ಯೂಕಾಸಲ್‌ಗೆ ಕಲ್ಲಿದ್ದಲು ಹೊರುವುದು" ಎಷ್ಟು ಚಂದದ ಮಾತು! ಲಂಡನ್ನಿಗೆ ಹಡಗಿನಲ್ಲಿ ಕಲ್ಲಿದ್ದಲು ಹೋಗುತ್ತಿದ್ದದ್ದೇ ಆ ಊರಿನಿಂದ. ಅಲ್ಲಿಗೇ ಒಯ್ದು ಮಾರಲು ಹೊರಟವನು ಬೆಪ್ಪನಲ್ಲವೇ? ಬದಿಯಡ್ಕಕ್ಕೆ ಅಡಕೆ ಹೊತ್ತ ಹಾಗೆ ಅಂದಿದ್ದರೆ ಇವಳು ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಗೈಡಿನವರು ಬರೆದದ್ದು "ಅನಗತ್ಯ ಕಾರ್ಯ". ಅಲ್ಲಿಗೆ ಮುಗಿಯಿತು.

"ಕಿಕ್ ದ ಬಕೆಟ್" ಕಥೆಯಂತೂ ಕೇಳಲೇಬೇಡಿ. ಅರ್ಥ "ಮರಣ ಹೊಂದು" ಅಂತ ಇತ್ತು. ಪಕ್ಕದ ಮನೆಯ ಅಜ್ಜ ತೀರಿಕೊಂಡಾಗ ಇವಳು ಟೀಚರಿಗೆ ಅದನ್ನೇ ಹೇಳಿ ಬೈಸಿಕೊಂಡು ಬಂದಳು. ಅದು "ಗೊಟಕ್ ಅಂದ" ಅನ್ನುವಂಥ ಮಾತು, ಹಿರಿಯರಿಗೆ ಸಲ್ಲದು ಅಂತ ಒಂದು ಸಾಲು ಹಾಕಿದ್ದರೆ ಗೈಡಿನವರ ಗಂಟೇನು ಹೋಗುತ್ತಿತ್ತು?

ನಾಳೆ ಟೆಸ್ಟ್. ಇನ್ನೂ 18 ನುಡಿಗಟ್ಟು ಬಾಕಿ ಇವೆಯಂತೆ. ಮಳೆಯೂ ಬಿಡುವ ಲಕ್ಷಣವಿಲ್ಲ.